ಚೌಕದ ಹಾಳೆ ಅಂಟಿಸಿದರೆ ರಾಡಾರ್ ಅಲೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಲೋಹದ ತಟ್ಟೆಯ ಮೇಲೆ ಚದುರಂಗದ ಹಾಸಿನಂಥ ತೆಳು ಹಾಳೆ ಅಂಟಿಸಿದರೆ ರಾಡಾರ್‌ಗೆ ಅದು ಸರಿಯಾಗಿ ಕಾಣಿಸುವುದಿಲ್ಲವಂತೆ. ಆ ಹಾಳೆ ಅಲೆಯನ್ನು ಹೀರುವುದೂ ಇಲ್ಲವಂತೆ. ಹಾಗಾದರೆ ಅಲೆ ಹೋಗುವುದೆಲ್ಲಿಗೆ?

ಉತ್ತರ: ಪಕ್ಕಕ್ಕೆ. ಅಲೆ ಮಾಯವಾಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೇ. ಸಾಮಾನ್ಯ ರಾಡಾರ್ ಹುಡುಕುವುದು ತನ್ನ ಕಡೆಗೇ ವಾಪಸ್ ಬರುವ ಪ್ರತಿಧ್ವನಿಯನ್ನು ತಾನೇ?

ಬರೀ ಲೋಹಕ್ಕೆ ಬಡಿದ ಅಲೆ ತಲೆಕೆಳಗಾಗಿ, ಅಂದರೆ ಏರು ಇದ್ದಲ್ಲಿ ಇಳಿತವಾಗಿ, ವಾಪಸಾಗುತ್ತದೆ. ಲೆಕ್ಕದಲ್ಲಿ ಇದು 180 ಡಿಗ್ರಿ. ಈಗ ಅದೇ ಲೋಹದ ಮೇಲೆ ವಿದ್ಯುತ್ ಹರಿಯದ ಒಂದು ಪದರ, ಅದರ ಮೇಲೆ ತಾಮ್ರದ ಪುಟ್ಟ ಬಿಲ್ಲೆಗಳ ಸಾಲು ಹಾಕಿ. ಬಿಲ್ಲೆಯ ಅಳತೆ ಸರಿಯಾಗಿದ್ದರೆ, ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ಅಲೆ ತಲೆಕೆಳಗಾಗದೆ ಹಾಗೇ ವಾಪಸಾಗುತ್ತದೆ. ಒಂದು ಚೌಕ ಬರೀ ಲೋಹ, ಪಕ್ಕದ್ದು ಬಿಲ್ಲೆಗಳದ್ದು. ಒಂದರಿಂದ ಅಲೆಯ ಏರು ಬರುವಾಗ ಇನ್ನೊಂದರಿಂದ ಇಳಿತ ಬರುತ್ತದೆ. ನೇರ ಎದುರಿನ ದಿಕ್ಕಿನಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಶಕ್ತಿ ನಾಲ್ಕು ಪಾಲಾಗಿ ಓರೆ ದಿಕ್ಕುಗಳಿಗೆ ಚೆಲ್ಲುತ್ತದೆ. ಎರಡು ಚೌಕಗಳ ಅಲೆಗಳ ನಡುವಿನ ವ್ಯತ್ಯಾಸ ಕರಾರುವಾಕ್ಕಾಗಿ 180 ಡಿಗ್ರಿಯೇ ಇರಬೇಕಿಲ್ಲ. ಸುಮಾರು 37 ಡಿಗ್ರಿ ಆಚೀಚೆ ಆದರೂ ಎದುರಿನ ಪ್ರತಿಧ್ವನಿ ಹತ್ತನೇ ಒಂದಕ್ಕೆ ಇಳಿಯುತ್ತದೆ.

ಹತ್ತನೇ ಒಂದು ಅಂದ ಕೂಡಲೇ ಜನ ಜಾಸ್ತಿ ಆಸೆ ಇಟ್ಟುಕೊಳ್ಳುತ್ತಾರೆ. ಆದರೆ ರಾಡಾರ್ ಎಷ್ಟು ದೂರದಿಂದ ಗುರುತಿಸುತ್ತದೆ ಎನ್ನುವುದು ಪ್ರತಿಧ್ವನಿಯ ನಾಲ್ಕನೇ ಮೂಲವನ್ನು (ವರ್ಗಮೂಲದ ವರ್ಗಮೂಲವನ್ನು) ಅನುಸರಿಸುತ್ತದೆ. ಮೊದಲು 100 ಕಿ.ಮೀ. ದೂರದಲ್ಲೇ ಸಿಕ್ಕಿಬೀಳುತ್ತಿದ್ದ ವಸ್ತು ಈಗ ಸುಮಾರು 56 ಕಿ.ಮೀ.ಗೆ ಸಿಕ್ಕಿಬೀಳುತ್ತದೆ. ಇದು ದೊಡ್ಡ ಲಾಭವೇ. ಆದರೂ ಇದನ್ನು 'ಅದೃಶ್ಯ ಹೊದಿಕೆ' ಎಂದು ಬರೆಯುವವರನ್ನು ಕಂಡರೆ ನನಗೆ ಕಿರಿಕಿರಿ.

ಹೀರುವ ಹೊದಿಕೆಗಳೂ ಇವೆ, ಅವು ಅಲೆಯನ್ನು ಶಾಖವಾಗಿಸುತ್ತವೆ. ಅವುಗಳಲ್ಲಿ ಹಳೆಯದಾದ ಸಾಲಿಸ್‌ಬರಿ ಪರದೆಗೆ ಲೋಹದಿಂದ ಅಲೆಯುದ್ದದ ಕಾಲು ಭಾಗದಷ್ಟು ಅಂತರ ಬೇಕು. 10 ಗಿಗಾಹರ್ಟ್ಸ್‌ಗೆ, ಅಂದರೆ 3 ಸೆಂ.ಮೀ. ಉದ್ದದ ಅಲೆಗೆ, ಅದು 7.5 ಮಿ.ಮೀ. ಚೌಕದ ಹಾಳೆ ಇದಕ್ಕಿಂತ ತೆಳುವಾಗಿರಬಹುದು.

ಚೌಕದ ಹಾಳೆಗೆ ಎರಡು ತೊಡಕು. ಮೊದಲನೆಯದು, 3 ಸೆಂ.ಮೀ. ಅಲೆಗೆಂದು ಮಾಡಿದ ಹಾಳೆ 2 ಮೀಟರ್ ಅಲೆಯ ರಾಡಾರ್ ಎದುರು ಸುಮ್ನೆ ಲೋಹದ ತಟ್ಟೆಯಂತೆಯೇ. ಎರಡನೆಯದು, ಓರೆಗೆ ಹೋದ ಅಲೆಯನ್ನು ಅಲ್ಲೇ ಕೂತ ಇನ್ನೊಂದು ರಿಸೀವರ್ ಹಿಡಿದುಬಿಡಬಹುದು. ಅದಕ್ಕೇ ಚೌಕಗಳನ್ನು ಸಾಲಾಗಿ ಇಡದೆ ಬೇಕೆಂದೇ ಅಡ್ಡಾದಿಡ್ಡಿ ಜೋಡಿಸುವುದೂ ಉಂಟು. ಆಗ ನಾಲ್ಕು ಜೋರು ಕಿರಣಗಳ ಬದಲು ಎಲ್ಲ ಕಡೆಗೂ ಸಣ್ಣ ಸಣ್ಣ ಚೂರುಗಳು ಹರಡುತ್ತವೆ.