‘ಹೋದಲಿಲ್ಲ’ ಅಂತೀಯಾ?

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

“ಮನೇಲಿ ಅರಳು ಹುರಿದಂಗೆ ಮಾತಾಡ್ತಾಳ್ರಿ ಮೇಡಂ. ಇಂಗ್ಲಿಷ್ ಟೆಸ್ಟ್ ದಿನ ಮಾತ್ರ ಹೊಟ್ಟೆನೋವು.” ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಮನೆಯ ತಾಯಿ ಹೀಗಂದಾಗ ನನಗೆ ನಗು ಬಂತು, ಪಕ್ಕದಲ್ಲಿ ಕೂತಿದ್ದ ಮಗಳಿಗೆ ಬರಲಿಲ್ಲ. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮ, ಈಗ ಒಂಬತ್ತು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿಯಾಗಿತ್ತು.

ಪರೀಕ್ಷೆಯ ಭಯ ಎಂದುಕೊಂಡು ಎರಡು ಭೇಟಿ ಉಸಿರಾಟದ ಅಭ್ಯಾಸ ಮಾಡಿಸಿದೆ. ಉಪಯೋಗವಾಗಲಿಲ್ಲ. ಮೂರನೇ ಸಲ ಅವಳ ನೋಟ್‌ಬುಕ್ ತರಿಸಿದೆ. ಮೊದಲ ದಿನವೇ ತರಿಸಬೇಕಿತ್ತು. ಪುಟ ತುಂಬ ಕೆಂಪು ಶಾಯಿ. ಕೂತು ವಿಂಗಡಿಸಿದರೆ ಮೂರೇ ಬಗೆಯ ತಪ್ಪು, ಮತ್ತೆ ಮತ್ತೆ.

‘ಐ ಡಿಡ್ ನಾಟ್ ವೆಂಟ್’ ಎಂದು ಬರೆದಿದ್ದಳು. ನಿಯಮ ಹೇಳು ಅಂದರೆ ತಡವರಿಸದೆ ಒಪ್ಪಿಸಿದಳು. “ಕನ್ನಡದಲ್ಲಿ ‘ಹೋದೆ’ ಅಂತೀವಿ. ಇಲ್ಲ ಅನ್ನೋವಾಗ ‘ಹೋದಲಿಲ್ಲ’ ಅಂತೀಯಾ?” ಎಂದೆ. ಕಿಸಕ್ಕನೆ ನಕ್ಕಳು. “ಹೋಗಲಿಲ್ಲ.” “ಹೌದಾ? ‘ಹೋದ’ ಎಲ್ಲಿ ಹೋಯ್ತು?” ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ‘ವೆಂಟ್’ ಹೊಡೆದು ‘ಗೋ’ ಬರೆದಳು.

ಎರಡನೆಯದು ಕರ್ಮಣಿ ಪ್ರಯೋಗ. ‘ಮಾಡಲ್ಪಟ್ಟಿತು’ ಎಂದು ಯಾರ ಮನೆಯಲ್ಲೂ ಮಾತಾಡುವುದಿಲ್ಲ; ಹಾಗಾಗಿ ಅದು ಅವಳಿಗೆ ವ್ಯಾಕರಣ ಪುಸ್ತಕದ ಪ್ರಾಣಿ. ಭಟ್ಟಿ ಕೆಲಸ ಹೇಳು ಅಂದೆ. “ಭತ್ತ ನೆನೆಸ್ತಾರೆ, ಬೇಯಿಸ್ತಾರೆ, ಒಣಗಿಸ್ತಾರೆ, ಅಕ್ಕಿ ಮಾಡಿ ಕಾದ ಮರಳಲ್ಲಿ ಹುರಿತಾರೆ.” ಯಾರು ಅಂತ ಹೇಳಲೇ ಇಲ್ಲವಲ್ಲ? ಮಾಡುವವರು ಮುಖ್ಯವಲ್ಲದ ಇಂಥ ಕಡೆಯೇ ಇಂಗ್ಲಿಷಿನವರು ‘ಈಸ್ ಸೋಕ್ಡ್’, ‘ಈಸ್ ಬಾಯ್ಲ್ಡ್’ ಎನ್ನುವುದು. ಅವತ್ತು ಅರ್ಧ ಪುಟ ಬರೆದಳು. ಮೂರನೆಯದು ‘ಎ’, ‘ಆನ್’: ಅಕ್ಷರ ನೋಡಬೇಡ, ಉಚ್ಚಾರ ಕೇಳು ಎಂದೆ. ‘ಆನ್ ಅವರ್’, ‘ಎ ಯೂನಿವರ್ಸಿಟಿ’. ಅಷ್ಟಕ್ಕೇ ಬಿಟ್ಟೆ.

ಸಲಹೆ ಹೆಚ್ಚು ಬೇಕಾಗಿದ್ದು ಅಪ್ಪನಿಗೆ. ದಿನಕ್ಕೆ ಹತ್ತು ಪದ ಕಂಠಪಾಠ, ರಾತ್ರಿ ಸ್ಪೆಲ್ಲಿಂಗ್ ಕೇಳುವುದು, ತಪ್ಪಿದರೆ ಊಟ ತಡ. ಅದನ್ನು ನಿಲ್ಲಿಸಿ, ದಿನಕ್ಕೆ ಮೂರೇ ಪದ, ಒಂದೊಂದಕ್ಕೂ ಅವಳದೇ ವಾಕ್ಯ ಎಂದೆ. “ಹಂಗಾದ್ರೆ ವರ್ಷಕ್ಕೆ ಎಷ್ಟಾದವ್ರಿ?” ಎಂದು ಬೆರಳು ಮಡಿಚಿದರು. ವ್ಯಾಪಾರದ ಮನುಷ್ಯ. ಹತ್ತರಲ್ಲಿ ವಾರ ಕಳೆದ ಮೇಲೆ ಎಷ್ಟು ಉಳಿದಿವೆ ನೋಡಿ ಎಂದಾಗ ಮಗಳನ್ನು ಅಲ್ಲೇ ಕೇಳಲು ಹೊರಟರು, ತಡೆದೆ. ಪೂರ್ತಿ ಒಪ್ಪಿದರು ಅಂತ ನನಗೆ ಈಗಲೂ ಅನಿಸಿಲ್ಲ.

ಪದ್ಯಗಳ ಸಾರಾಂಶವನ್ನು ಗೈಡಿನಿಂದ ಬಾಯಿಪಾಠ ಮಾಡುತ್ತಿದ್ದಳು. ಮೊದಲು ಪದ್ಯವನ್ನು ಜೋರಾಗಿ ಓದು, ಆಮೇಲೆ ಅದರಲ್ಲಿ ಏನಿದೆ ಅಂತ ಅಮ್ಮನಿಗೆ ಕನ್ನಡದಲ್ಲಿ ಹೇಳು, ಕೊನೆಗೆ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಬರೆ ಎಂದೆ. ಶಾಲೆಯ ಟೀಚರಿಗೆ, ತಾಯಿಯ ಒಪ್ಪಿಗೆ ಪಡೆದು, ಒಂದು ಚೀಟಿ ಕಳಿಸಿದೆ: ಒಂದು ವಾರ ಒಂದೇ ಬಗೆಯ ತಪ್ಪಿಗೆ ಮಾತ್ರ ಗುರುತು ಹಾಕಿ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೊನೆವರೆಗೂ ಕೂತು ಬರೆದಳು. ಹೋದ ಭೇಟಿಯಲ್ಲಿ ತೋರಿಸಿದ ವಾಕ್ಯ: ‘ದಿ ಪಫ್ಡ್ ರೈಸ್ ಈಸ್ ಸೋಲ್ಡ್ ಬೈ ಮೈ ಫಾದರ್, ಬಟ್ ದಿ ಮನಿ ಈಸ್ ಕೆಪ್ಟ್ ಬೈ ಮೈ ಮದರ್.’

“ಅಪ್ಪಂಗೆ ಓದಿ ಹೇಳಿದ್ಯಾ?”

“ಇಲ್ಲ ಮೇಡಂ. ಅಮ್ಮಂಗೆ ಹೇಳಿದೀನಿ.”