ಗೋಪುರದ ಮೇಲೆ ಕೂತಿದ್ದವರು

(ಮಗಳ ಮನೆಗೆಂದು ಬೆಲ್ಜಿಯಂಗೆ ಹೋಗಿರುವ ಓದುಗರೊಬ್ಬರ ಪತ್ರ: "ಸೋಮವಾರ ಸಂಜೆ ಮೆಖೆಲೆನ್ ಊರಲ್ಲಿ ಹೊರದೇಶದ ಕಲಾವಿದರ ಕ್ಯಾರಿಲಾನ್ ಕಛೇರಿ, ಪುಕ್ಕಟೆ ಎಂದು ಅಳಿಯ ಕರೆದುಕೊಂಡು ಹೋದರು. ವೇದಿಕೆ ಇಲ್ಲ, ಕಲಾವಿದರೂ ಕಾಣಲಿಲ್ಲ. ಚರ್ಚಿನ ಗೋಪುರದಿಂದ ಬರೀ ಗಂಟೆಗಳ ನಾದ. ರೆಕಾರ್ಡ್ ಹಾಕಿ ನಮ್ಮನ್ನು ಮಂಗ ಮಾಡಿದರೇ? ಖುಷಿಯ ಹಾಡೂ ಅಳುವ ಹಾಗೆ ಕೇಳಿಸಿತು, ಏಕೆ?")

ಯಾರೂ ಮಂಗ ಮಾಡಿಲ್ಲ. ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ಹಗಲೆಲ್ಲ ಆ ಗೋಪುರದಿಂದ ಸಮಯ ಹೇಳುವ ಪುಟ್ಟ ರಾಗಗಳನ್ನು ನುಡಿಸುವುದು ಯಂತ್ರವೇ. ಸಂಜೆಯದು ಮಾತ್ರ ಮನುಷ್ಯರ ಕೈ. ಕೈಗಿಂತ ಮುಷ್ಟಿ ಎಂದರೆ ಸರಿ.

ಸೇಂಟ್ ರುಂಬೋಲ್ಡ್ ಗೋಪುರ 97 ಮೀಟರ್ ಎತ್ತರ. ಕ್ಯಾರಿಲಾನ್ ಎಂದರೆ ಶ್ರುತಿಗೂಡಿಸಿದ ಗಂಟೆಗಳ ವಾದ್ಯ. ಗೋಪುರದೊಳಗೆ ಒಂದಲ್ಲ, ಅಂಥವು ಎರಡು, ಒಂದೊಂದಕ್ಕೂ 49 ಗಂಟೆ. ಗಂಟೆ ತೂಗಾಡುವುದಿಲ್ಲ, ಕದಲದೆ ನೇತಾಡುತ್ತಿರುತ್ತದೆ. ಗಂಟೆಗಳ ಹತ್ತಿರದ ಕೋಣೆಯಲ್ಲಿ ಕಲಾವಿದರು ಬೆಂಚಿನ ಮೇಲೆ ಕೂರುತ್ತಾರೆ. ಎದುರಿಗೆ ಮರದ ಹಿಡಿಗಳ ಸಾಲು, ಕಾಲ ಕೆಳಗೆ ಪೆಡಲ್. ಸಡಿಲ ಮುಷ್ಟಿಯ ಕಿರುಬೆರಳ ಬದಿಯಿಂದ ಹಿಡಿಯನ್ನು ಒತ್ತಿದರೆ ತಂತಿ ಜಗ್ಗಿ ಗಂಟೆಯ ನಾಲಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ನಾದ. ನಡುವೆ ಕರೆಂಟಿನ ಕೆಲಸವೇ ಇಲ್ಲ.

ಇನ್ನು ಅಳು. ನಿಮ್ಮ ಕಿವಿಗೆ ಶಹಬ್ಬಾಸ್. ದೇವಸ್ಥಾನದ ಗಂಟೆ ಹೊಡೆದು ಪಕ್ಕದಲ್ಲೇ ನಿಂತು ಕೇಳಿ, ಒಂದೇ ಏಟಿನಲ್ಲಿ ನಾಲ್ಕೈದು ಸ್ವರ ಹೊರಡುತ್ತವೆ. ಕ್ಯಾರಿಲಾನ್ ಗಂಟೆಯಲ್ಲಿ ಷಡ್ಜ ಹೊಡೆದರೆ ಅದರ ಹೊಟ್ಟೆಯಲ್ಲೇ ಸಾಧಾರಣ ಗಾಂಧಾರವೂ (ತಗ್ಗಿನ ಗ) ಮಿಡಿಯುತ್ತದೆ, ಅಳುವಿನ ಛಾಯೆ ಅದರದ್ದೇ. ಹಾಡು ಅಂತರ ಗಾಂಧಾರದ್ದಾದರೆ (ಏರಿದ ಗ) ಎರಡಕ್ಕೂ ಜಗಳ! ಜೊತೆಗೆ, ಹೊಡೆದ ಗಂಟೆಯನ್ನು ಸುಮ್ಮನಾಗಿಸಲು ಬರುವುದಿಲ್ಲ. ದೊಡ್ಡ ಗಂಟೆಯ ಗುಂಯ್ ಮುಂದಿನ ಸಾಲಿಗೂ ಅಂಟಿಕೊಂಡು ಬರುತ್ತದೆ. ಗಮಕವಂತೂ ಕೇಳಲೇಬೇಡಿ.

ಈ ಒಳಸ್ವರಗಳನ್ನು ಹಿಡಿದು ತೋರಿಸಿದವರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರಿನ ಯಾಕೋಬ್ ವಾನ್ ಐಕ್ ಒಬ್ಬರು. ಕಣ್ಣು ಕಾಣದ ಸಂಗೀತಗಾರ. ಗಂಟೆಯ ಹತ್ತಿರ ಸಿಳ್ಳೆ ಹಾಕುತ್ತಿದ್ದರಂತೆ. ಸಿಳ್ಳೆಗೆ ಹೊಂದುವ ಒಳಸ್ವರ ತಾನೇ ಗುಂಯ್‌ಗುಡುತ್ತಿತ್ತು, ಗಂಟೆಯನ್ನು ಮುಟ್ಟಲೇಬೇಕಿರಲಿಲ್ಲ. ಗಂಟೆ ಎರಕ ಹೊಯ್ಯುವ ಹೆಮೊನಿ ಅಣ್ಣತಮ್ಮಂದಿರು ಇವರ ಸಲಹೆ ಕೇಳಿ, ಗಂಟೆಯ ಒಳಮೈಯಿಂದ ಲೋಹ ಕೆರೆದು ಶ್ರುತಿ ಕೂಡಿಸಿದರು. ಜುಟ್ಫೆನ್ ಊರಿಗೆ 1644ರಲ್ಲಿ ಅವರು ಮಾಡಿಕೊಟ್ಟದ್ದೇ ಸರಿಯಾಗಿ ಶ್ರುತಿಗೂಡಿದ ಮೊದಲ ಕ್ಯಾರಿಲಾನ್ ಎನ್ನುತ್ತಾರೆ.

ಮೆಖೆಲೆನ್‌ನ ಸೋಮವಾರದ ಕಛೇರಿ 1892ರಲ್ಲಿ ಆ ಊರಿನ ಕ್ಯಾರಿಲಾನ್ ವಾದಕ ಯೆಫ್ ಡೆನೈನ್ ಶುರುಮಾಡಿದ್ದು. 1922ರಲ್ಲಿ ಅವರೇ ಅಲ್ಲಿ ಕ್ಯಾರಿಲಾನ್ ಶಾಲೆ ತೆರೆದರು. ಹೊರದೇಶದವರು ಅಲ್ಲಿಗೆ ಕಲಿಯಲೂ ಬರುತ್ತಾರೆ, ನುಡಿಸಲೂ ಬರುತ್ತಾರೆ. ಪುಕ್ಕಟೆ ಏಕೆ ಎಂದರೆ, ಇಡೀ ಊರಿಗೆ ಕೇಳಿಸುವುದಕ್ಕೆ ಟಿಕೆಟ್ ಯಾರಿಗೆ ಅಂತ ಹರಿಯೋದು, ಅಲ್ವಾ?

ನೀವು ಗೋಪುರದ ಬುಡದಲ್ಲೇ ಕೂತಿದ್ದಿರಿ ಎಂದು ಕಾಣುತ್ತದೆ. ಅದು ಒಳ್ಳೆಯ ಜಾಗವಲ್ಲ. ನಾದ ತಲೆಯ ಮೇಲೇ ಹಾದುಹೋಗುತ್ತದೆ, ಬೀದಿಯ ಗದ್ದಲ ಬೇರೆ. ಸ್ವಲ್ಪ ದೂರ ಸರಿದು, ವಾಹನ ಓಡಾಡದ ಓಣಿಯಲ್ಲೋ ಹಿತ್ತಲಲ್ಲೋ ಕೂರಿ. ಕಲಾವಿದರಿಗೆ ನೀವು ಕಾಣುವುದಿಲ್ಲ, ಚಪ್ಪಾಳೆ ಅಷ್ಟು ಮೇಲಕ್ಕೆ ಮುಟ್ಟುವುದೂ ಕಷ್ಟ. ಆ ಗೋಪುರಕ್ಕೆ 538 ಮೆಟ್ಟಿಲು. ಕಛೇರಿ ಮುಗಿದ ಮೇಲೆ ಬಾಗಿಲ ಹತ್ತಿರ ಒಂದಷ್ಟು ಹೊತ್ತು ಕಾದು ನೋಡಿ. ಬೆವರು ಒರೆಸಿಕೊಳ್ಳುತ್ತಾ ಯಾರಾದರೂ ಇಳಿದು ಬಂದರೆ, ಚಪ್ಪಾಳೆ ಅವರಿಗೇ ಹೊಡೆಯಿರಿ.

– ಸಂಪಾದಕ