ನೈರೋಬಿಗೆ ಬರುವ ಮೊದಲು ಜೀವನ್‌ಜಿ ಬಗ್ಗೆ ತಿಳಿದುಕೊಳ್ಳಿ

ನೈರೋಬಿಯಲ್ಲಿ ಕೆಲಸ ಸಿಕ್ಕಿದೆ ಅಂದಿರಿ, ಖುಷಿಯಾಯಿತು. ಇಲ್ಲಿ ನಮ್ಮವರು ದುಡಿದುಕೊಂಡು ತಮ್ಮ ಪಾಡಿಗೆ ತಾವು ಇರಬೇಕಾ, ಊರಿನ ವಿಷಯಕ್ಕೆ ತಲೆ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು. ನೂರು ವರ್ಷದ ಹಿಂದೆಯೇ ಅಲಿಭಾಯ್ ಮುಲ್ಲಾ ಜೀವನ್‌ಜಿ ಇಲ್ಲಿ ತಲೆ ಹಾಕಿದ್ದರು.

ಅವರು ಕರಾಚಿಯ ಬೋಹ್ರಾ (ವ್ಯಾಪಾರಕ್ಕೆ ಹೆಸರಾದ ಮುಸ್ಲಿಂ ಪಂಗಡ) ಮನೆತನದವರು. 1890ರಲ್ಲಿ ಕೀನ್ಯಾದ ಬಂದರು ಊರಾದ ಮೊಂಬಾಸಾಕ್ಕೆ ಬಂದರು. 1896ರಲ್ಲಿ ಬ್ರಿಟಿಷರು ಅಲ್ಲಿಂದ ಒಳನಾಡಿಗೆ ರೈಲು ಹಳಿ ಹಾಕತೊಡಗಿದಾಗ ಇಂಡಿಯಾದಿಂದ ಸುಮಾರು 32,000 ಕೂಲಿಗಳು ಬಂದರು. ಸುಮಾರು 2,500 ಜನ ಊರಿಗೆ ಮರಳಲೇ ಇಲ್ಲ, ಕೆಲಸದಲ್ಲೇ ಸತ್ತರು. ಆ ರೈಲ್ವೆಯ ಕಂಟ್ರಾಕ್ಟ್‌ಗಳಿಂದ ಜೀವನ್‌ಜಿ ಶ್ರೀಮಂತರಾದರು.

ಅಷ್ಟು ದುಡ್ಡಿದ್ದರೂ ಕೀನ್ಯಾದ ಎತ್ತರದ ಸೀಮೆಯ ಒಳ್ಳೆಯ ಜಮೀನು ಬಿಳಿಯರಿಗೆ ಮಾತ್ರ. ಜೀವನ್‌ಜಿ ಅದನ್ನು ಸುಮ್ನೆ ಸಹಿಸಲಿಲ್ಲ. ಇಲ್ಲಿನ ಬ್ರಿಟಿಷ್ ಆಡಳಿತದ ಶಾಸನಸಭೆಗೆ ನೇಮಕವಾದ ಮೊದಲ ಭಾರತೀಯ ಅವರೇ. ಸುತ್ತ ಬಿಳಿಯರು, ನಡುವೆ ಇವರೊಬ್ಬರು. 1910ರಲ್ಲಿ ಲಂಡನ್‌ಗೆ ಹೋಗಿ ಪತ್ರಿಕೆಯವರ ಮುಂದೆ ಈ ಅನ್ಯಾಯವನ್ನು ಬಿಚ್ಚಿಟ್ಟರು. ಆದರೆ ಅಲ್ಲಿ ಅವರು ಹೇಳಿದ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ಈ ಸೀಮೆಯನ್ನು ಇಂಡಿಯಾಕ್ಕೆ ಸೇರಿಸಿಬಿಡಿ, ಕೆಲವೇ ವರ್ಷದಲ್ಲಿ ಎರಡನೇ ಇಂಡಿಯಾ ಆಗುತ್ತದೆ ಅಂದರು. ಇದು ಕಿಕುಯು, ಮಸಾಯ್ ಜನರ ನೆಲ ಅಲ್ವಾ? ಅವರನ್ನು ಕೇಳಿದ್ದು ಯಾರು?

ಜನ ಜೀವನ್‌ಜಿಯವರನ್ನು ನೆನೆಯುವುದು ಪಾರ್ಕ್‌ನಿಂದ. 1906ರಲ್ಲಿ ಅವರು ಊರಿಗೆ ಕೊಟ್ಟ ಜೀವನ್‌ಜಿ ಗಾರ್ಡನ್ಸ್ ಪೇಟೆಯ ನಡುವೆ ಈಗಲೂ ಇದೆ. ಮಧ್ಯಾಹ್ನದ ಹೊತ್ತಿಗೆ ಹೋಗಿ ನೋಡಿ. ಒಂದು ಕಡೆ ಬೈಬಲ್ ಹಿಡಿದವರ ಏರುದನಿಯ ಬೋಧನೆ, ಇನ್ನೊಂದು ಕಡೆ ಹುಲ್ಲಿನ ಮೇಲೆ ಆಫೀಸಿನವರ ಹರಟೆ. 1991ರಲ್ಲಿ ಇಲ್ಲಿ ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಲು ಹೊರಟಾಗ ಅವರ ಮೊಮ್ಮಗಳು ಜರೀನಾ ಪಟೇಲ್ ಪಟ್ಟು ಹಿಡಿದು ನಿಂತರು. ನೈರೋಬಿಯ ಜನ ಕೈಜೋಡಿಸಿದರು. ಪಾರ್ಕ್ ಉಳಿಯಿತು. ಅಜ್ಜ ನಮ್ಮವರಿಗಾಗಿ ಜಗಳ ಮಾಡಿದರು, ಮೊಮ್ಮಗಳು ಇಡೀ ಊರಿಗಾಗಿ ಮಾಡಿದರು. ನನಗೆ ಆಕೆಯ ದಾರಿಯೇ ಜಾಸ್ತಿ ಇಷ್ಟ.

2017ರಲ್ಲಿ ಸರ್ಕಾರ ಇಲ್ಲಿನ ಭಾರತೀಯ ಮೂಲದವರನ್ನು ಕೀನ್ಯಾದ 44ನೇ ಬುಡಕಟ್ಟು, ಅಂದರೆ ಈ ದೇಶದ್ದೇ ಒಂದು ಸಮುದಾಯ, ಅಂತ ಗುರುತಿಸಿತು. ನಿಮ್ಮಂಥ ಹೊಸಬರಿಗೆ ಇದರಿಂದ ನೇರ ಲಾಭವೇನೂ ಇಲ್ಲ. ನೀವು ಬಂದವರೇ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್‌ಗೆ ಹೋಗಿ. ನೀರು, ಕಸ, ಕಾವಲಿನ ಅಸ್ಕಾರಿಗಳ ಸಂಬಳ, ಎಲ್ಲ ಅಲ್ಲೇ ತೀರ್ಮಾನ ಆಗುವುದು. ಮಾತಾಡಲು ಸ್ವಾಹಿಲಿ ಬಂದರೆ ಒಳ್ಳೆಯದು, ಈಗಿನಿಂದಲೇ ಕಲಿಯಲು ಶುರು ಮಾಡಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಕಡೆ ಮನೆ ನೋಡುವುದಾದರೆ ತಿಳಿಸಿ, ನಾನೇ ಜೊತೆಗೆ ಬರುತ್ತೇನೆ.